ನಾಲ್ಕು ಅಡಿಯ ಯುದ್ಧದೋಣಿ

ಗೆಳೆಯರೇ, ರಜೆ ಮುಗಿಸಿ ಬಂದಾಗಿನಿಂದ ಎಲ್ಲರೂ ನನ್ನನ್ನು ಕೇಳುತ್ತಿರುವುದು ಒಂದೇ, "ಕೆರೇಲಿ ಮುಳುಗಿದ್ದು ಏನೋ ಅದು?" ಅದು ಮುಳುಗಲಿಲ್ಲ, ಮಗುಚಿತು ಅಷ್ಟೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಸೋದರಮಾವನಿಗೆ ಹಡಗಿನ ಮಾದರಿ ಮಾಡುವ ಹುಚ್ಚು. ಈ ಸಲ ನಾವಿಬ್ಬರೂ ಮಾಡಿದ್ದು ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆ ಬಳಸಿದ ಪಿ.ಟಿ. ದೋಣಿ. ಯುದ್ಧದ ದೋಣಿ ಅಂದರೆ ಉಕ್ಕಿನದು ಅಂದುಕೊಂಡಿದ್ದೆ. ಅಲ್ಲ, ಮರದ್ದು! ಮಹಾಗನಿ ಹಲಗೆಯ ಎರಡು ಪದರ, ನಡುವೆ ಅಂಟು ಹಚ್ಚಿದ ಬಟ್ಟೆ. ಉದ್ದ 80 ಅಡಿ, ಮೂರು ಪೆಟ್ರೋಲ್ ಎಂಜಿನ್, ವೇಗ ಗಂಟೆಗೆ ಸುಮಾರು 75 ಕಿ.ಮೀ. ರಾತ್ರಿ ಹೊತ್ತು ದೊಡ್ಡ ಹಡಗಿನ ಹತ್ತಿರ ಹೋಗಿ ಟಾರ್ಪಿಡೊ ಬಿಟ್ಟು ಓಡಿಬರುವುದು ಇದರ ಕೆಲಸ.

ನಮ್ಮ ಅಳತೆ 20ಕ್ಕೆ 1. ಹಾಗಾಗಿ ಉದ್ದ 4 ಅಡಿ. ಟಾರ್ಪಿಡೊ ದಪ್ಪ 21 ಇಂಚು, ನಮಗೆ ಒಂದಿಂಚಿನ ಪೈಪು ಸಾಕಾಯಿತು. ತೂಕದ್ದೇ ಫಜೀತಿ. ನಿಜವಾದ ದೋಣಿ ಸುಮಾರು 56 ಟನ್. ನಾನು ಜಾಣನ ಹಾಗೆ 20ರಿಂದ ಭಾಗಿಸಿ "2800 ಕಿಲೋ, ಮಾವ" ಅಂದೆ. "ಎತ್ತಿನ ಗಾಡೀಲಿ ಕೆರೆಗೆ ಒಯ್ಯೋಣ್ವೇನೋ?" ಅಂತ ನಕ್ಕರು. ಉದ್ದ, ಅಗಲ, ಎತ್ತರ ಮೂರೂ 20 ಪಾಲು ಚಿಕ್ಕದಾಗುತ್ತವೆ. ಆದ್ದರಿಂದ 20×20×20, ಅಂದರೆ 8000ದಿಂದ ಭಾಗಿಸಬೇಕು. ಉತ್ತರ 7 ಕಿಲೋ. ಅಷ್ಟಿದ್ದರೇ ದೋಣಿ ನೀರಿನಲ್ಲಿ ಸರಿಯಾದ ಗೆರೆಗೆ ಕೂರುವುದು.

ಪ್ಲೈವುಡ್ಡಿನ ಪಕ್ಕೆಲುಬು, ಅದರ ಮೇಲೆ ತೆಳು ಪಟ್ಟಿ, ಹೊರಗೆ ಅಂಟು ಬಳಿದೆವು. ರಿಮೋಟಿನ ಅಲೆಯನ್ನು ಒಳಗಿನ ರಿಸೀವರ್ ಹಿಡಿಯುತ್ತದೆ. ಸರ್ವೋ ಎಂಬ ಪುಟ್ಟ ಮೋಟಾರು ಚುಕ್ಕಾಣಿ ತಿರುಗಿಸುತ್ತದೆ. ಈ ಅಲೆ ನೀರೊಳಗೆ ಹೋಗುವುದಿಲ್ಲ, ಆಂಟೆನಾ ನೀರಿನಿಂದ ಮೇಲೇ ಇರಬೇಕು.

ಮೇಲಿನ ಕೋಣೆಗೆ ತೆಳು ಪ್ಲೈವುಡ್ ಹಾಕು ಅಂದಿದ್ದರು ಮಾವ. ನಾನು ಚೆಂದ ಕಾಣಲಿ ಅಂತ ಬಡಗಿಯವರ ಹತ್ತಿರ ತೇಗದ ತುಂಡು ತಂದು ಅಂಟಿಸಿದೆ. ನೀರಿನ ತೊಟ್ಟಿಯಲ್ಲಿ ಗೆರೆಗೆ ಸರಿಯಾಗಿ ನಿಂತಿತು. ಕೆರೆಯಲ್ಲಿ ನೇರ ಓಡಿತು, ಎಲ್ಲರೂ ಚಪ್ಪಾಳೆ. ಹೆಮ್ಮೆಯಿಂದ ಜೋರಾಗಿ ತಿರುಗಿಸಿದೆ, ದಬಕ್ಕನೆ ಮಗುಚಿಬಿತ್ತು! ತೂಕ ಸರಿಯಿತ್ತು, ತೂಕ ಇದ್ದ ಜಾಗ ತಪ್ಪಾಗಿತ್ತು. ತಲೆ ಮೇಲೆ ಹುಲ್ಲಿನ ಹೊರೆ ಹೊತ್ತವರು ಓಡುತ್ತಾ ತಿರುಗಿದರೆ ಏನಾಗುತ್ತೆ, ಹಾಗೇ. ಆಂಟೆನಾ ನೀರೊಳಗೆ, ರಿಮೋಟು ಒತ್ತಿ ಒತ್ತಿ ಬೆರಳು ನೋವು. ಮಾವ ಬೈಯಲಿಲ್ಲ. ಅದೇ ನನಗೆ ಜಾಸ್ತಿ ಬೇಜಾರು.

ಒಳಗೆ ಥರ್ಮೋಕೋಲ್ ತುಂಬಿದ್ದರಿಂದ ತಳಕ್ಕೆ ಹೋಗಲಿಲ್ಲ. ಮೀನು ಹಿಡಿಯುವ ಅಣ್ಣ ತೆಪ್ಪದಲ್ಲಿ ಹೋಗಿ ತಂದುಕೊಟ್ಟರು. ಆ ರಾತ್ರಿ ಮಾವ ಪಿ.ಟಿ. 109ರ ಕಥೆ ಹೇಳಿದರು. 1943ರ ಆಗಸ್ಟ್ 2ರಂದು ಸಾಲೊಮನ್ ದ್ವೀಪಗಳ ಬಳಿ ಜಪಾನಿನ ಅಮಾಗಿರಿ ಎಂಬ ಹಡಗು ಅದಕ್ಕೆ ಗುದ್ದಿ ಎರಡು ತುಂಡು ಮಾಡಿತು. 13 ಮಂದಿಯಲ್ಲಿ ಇಬ್ಬರು ಸತ್ತರು. ಉಳಿದವರು ತೇಲುತ್ತಿದ್ದ ಮುಂಭಾಗವನ್ನು ಹಿಡಿದುಕೊಂಡು ಬದುಕಿದರು, ಆಮೇಲೆ ಈಜಿ ಒಂದು ದ್ವೀಪ ಸೇರಿದರು. ತೆಂಗಿನಕಾಯಿಯ ಮೇಲೆ ಕೆತ್ತಿದ ಸಂದೇಶವನ್ನು ಬಿಯುಕು ಗಾಸಾ, ಎರೋನಿ ಕುಮಾನಾ ಎಂಬ ಅಲ್ಲಿಯ ಇಬ್ಬರು ಪುಟ್ಟ ದೋಣಿಯಲ್ಲಿ ಒಯ್ದು ಮುಟ್ಟಿಸಿದರು. ಕೆತ್ತಿದ ನಾಯಕ ಜಾನ್ ಕೆನಡಿ, 1961ರಲ್ಲಿ ಅಮೆರಿಕದ ಅಧ್ಯಕ್ಷನಾದವನು.

ತೇಗ ಕಿತ್ತು ಪ್ಲೈವುಡ್ ಹಾಕಿದ್ದೇನೆ. ಉಳಿದ ತೂಕಕ್ಕೆ ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ತಳದಲ್ಲಿ ಅಂಟಿಸಿದೆ. ದೋಣಿ ಈಗ ವಿಜ್ಞಾನ ಕೊಠಡಿಯ ಕಪಾಟಿನ ಮೇಲಿದೆ. ನೋಡಿ, ಮುಟ್ಟಬೇಡಿ, ಬಣ್ಣ ಇನ್ನೂ ಹಸಿ.