ಕ್ಯಾರೊಟಿನಾಯ್ಡ್‌ಗಳ ಕಾವಲು ಕೆಲಸ

ಕ್ಯಾರೆಟ್ಟಿನ ಕೇಸರಿ, ಟೊಮೆಟೊದ ಕೆಂಪು, ಪಪ್ಪಾಯಿಯ ಹೊಂಬಣ್ಣಗಳಿಗೆ ಕಾರಣ ಕ್ಯಾರೊಟಿನಾಯ್ಡ್ ಎಂಬ ವರ್ಣದ್ರವ್ಯಗಳು. ಸೊಪ್ಪುಗಳಲ್ಲೂ ಇವು ಹೇರಳ. ಪತ್ರಹರಿತ್ತಿನ ಹಸಿರು ಅವನ್ನು ಮರೆಮಾಡಿರುತ್ತದೆ, ಅಷ್ಟೆ. ಇವುಗಳ ಅಣುವಿನಲ್ಲಿ ಸಾಮಾನ್ಯವಾಗಿ 40 ಇಂಗಾಲದ ಪರಮಾಣುಗಳಿದ್ದು, ಉದ್ದನೆಯ ಸರಪಳಿಯಲ್ಲಿ ಏಕಬಂಧ, ದ್ವಿಬಂಧಗಳು ಸರದಿಯಂತೆ ಬರುತ್ತವೆ. ಬೀಟಾ ಕ್ಯಾರೊಟಿನ್ ಮತ್ತು ಲೈಕೊಪಿನ್‌ಗಳಲ್ಲಿ ಇಂಥ ಸಾಲಿನಲ್ಲಿ 11 ದ್ವಿಬಂಧಗಳಿವೆ. ಅಲ್ಲಿನ ಎಲೆಕ್ಟ್ರಾನ್‌ಗಳು ಒಂದೇ ಬಂಧಕ್ಕೆ ಅಂಟಿಕೊಳ್ಳದೆ ಸಾಲಿನುದ್ದಕ್ಕೂ ಹರಡಿಕೊಂಡಿರುತ್ತವೆ. ನೀಲಿ ಬೆಳಕನ್ನು ಹೀರಿ ಹಣ್ಣಿಗೆ ಬಣ್ಣ ಕೊಡುವುದೂ ಇವೇ, ಫ್ರೀ ರ್‍ಯಾಡಿಕಲ್‌ನಂಥ ಅಪಾಯಗಳಿಂದ ಜೀವಕೋಶವನ್ನು ಕಾಯುವುದೂ ಇವೇ.

ಜೊತೆಯಿಲ್ಲದ ಒಂಟಿ ಎಲೆಕ್ಟ್ರಾನ್ ಹೊಂದಿರುವ ಅಣುವೇ ಫ್ರೀ ರ್‍ಯಾಡಿಕಲ್. ಉಸಿರಾಡಿದ ಆಮ್ಲಜನಕ ದೇಹದಲ್ಲಿ ಬಳಕೆಯಾಗುವಾಗಲೇ ಇವು ಒಂದಿಷ್ಟು ಹುಟ್ಟುತ್ತವೆ. ಬಿಸಿಲು, ಹೊಗೆ ಇನ್ನಷ್ಟನ್ನು ಹುಟ್ಟಿಸುತ್ತವೆ. ಕೋಶದ ಪೊರೆಯಲ್ಲಿರುವ ಕೊಬ್ಬಿನ ಅಣುವಿನಿಂದ ರ್‍ಯಾಡಿಕಲ್ ಹೈಡ್ರೋಜನ್ ಕಸಿದುಕೊಂಡರೆ, ಆ ಕೊಬ್ಬು ತಾನೇ ರ್‍ಯಾಡಿಕಲ್ ಆಗುತ್ತದೆ. ಆಮ್ಲಜನಕದೊಡನೆ ಕೂಡಿ ಪೆರಾಕ್ಸಿಲ್ ರೂಪ ತಾಳಿ, ಪಕ್ಕದ ಅಣುವಿನ ಮೇಲೆರಗುತ್ತದೆ. ಹಳೆಯ ಎಣ್ಣೆ ಕಮಟು ವಾಸನೆ ಹಿಡಿಯುವುದೂ ಇದೇ ಸರಣಿಯಿಂದ.

ಕ್ಯಾರೊಟಿನಾಯ್ಡ್ ಕೊಬ್ಬಿನಲ್ಲಿ ಕರಗುವ ವಸ್ತು, ಹಾಗಾಗಿ ಪೊರೆಯೊಳಗೇ ನೆಲೆಸಿರುತ್ತದೆ. ಪೆರಾಕ್ಸಿಲ್ ಎದುರಾದರೆ ಅದು ಎಲೆಕ್ಟ್ರಾನನ್ನೋ ಹೈಡ್ರೋಜನನ್ನೋ ಬಿಟ್ಟುಕೊಡುತ್ತದೆ. ಇಲ್ಲವೇ ರ್‍ಯಾಡಿಕಲನ್ನೇ ತನ್ನ ಸರಪಳಿಗೆ ಸೇರಿಸಿಕೊಳ್ಳುತ್ತದೆ. ಒಂಟಿ ಎಲೆಕ್ಟ್ರಾನ್ ಈಗ ಅದರ ಪಾಲಿಗೆ ಬಂದರೂ ಉದ್ದನೆಯ ಸಾಲಿನಲ್ಲಿ ಹಂಚಿಹೋಗುವುದರಿಂದ ಉಗ್ರತೆ ತಗ್ಗುತ್ತದೆ. ಈ ಕೆಲಸದಲ್ಲಿ ಅಣು ಸವೆದು ಬಣ್ಣಗೆಡುತ್ತದೆ.

ಇದಕ್ಕಿಂತ ಸೊಗಸಾದದ್ದು ಅದರ ಇನ್ನೊಂದು ಕೆಲಸ. ಬಿರುಬಿಸಿಲಿನಲ್ಲಿ ಪತ್ರಹರಿತ್ತು ಹೀರಿದ ಶಕ್ತಿಯಲ್ಲಿ ಸ್ವಲ್ಪ ಭಾಗ ಆಮ್ಲಜನಕಕ್ಕೆ ದಾಟಿ, ಅದನ್ನು ಸಿಂಗ್ಲೆಟ್ ಆಮ್ಲಜನಕವಾಗಿಸುತ್ತದೆ. ಇದು ರ್‍ಯಾಡಿಕಲ್ ಅಲ್ಲ, ಆದರೂ ಕೋಶಕ್ಕೆ ದೊಡ್ಡ ಅಪಾಯ. ಕ್ಯಾರೊಟಿನಾಯ್ಡ್ ಆ ಹೆಚ್ಚುವರಿ ಶಕ್ತಿಯನ್ನು ತಾನು ಪಡೆದು, ಶಾಖವಾಗಿ ಹೊರಬಿಟ್ಟು, ಮೊದಲಿನ ಸ್ಥಿತಿಗೆ ಮರಳುತ್ತದೆ. ಇಲ್ಲಿ ಅಣು ಖರ್ಚಾಗುವುದಿಲ್ಲ. ಒಂದೇ ಅಣು ಈ ಕೆಲಸವನ್ನು ನೂರಾರು ಸಲ ಮಾಡಬಲ್ಲದು. ಬೀಟಾ ಕ್ಯಾರೊಟಿನ್‌ನ ಈ ಗುಣವನ್ನು 1968ರಲ್ಲಿ ಫೂಟ್ ಮತ್ತು ಡೆನ್ನಿ ಎಂಬ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟರು. ಪ್ರಯೋಗಾಲಯದ ಅಳತೆಗಳಲ್ಲಿ ಲೈಕೊಪಿನ್ ಇನ್ನೂ ಚುರುಕು.

ಟೊಮೆಟೊ ಗೊಜ್ಜು ಕುದಿಯುವಾಗ ಮೇಲೆ ತೇಲುವ ಎಣ್ಣೆ ಕೆಂಪಾಗುವುದು ಟೊಮೆಟೊ, ಮೆಣಸಿನಕಾಯಿಗಳ ಕ್ಯಾರೊಟಿನಾಯ್ಡ್ ಅದರಲ್ಲಿ ಕರಗುವುದರಿಂದ. ಹಸಿ ಟೊಮೆಟೊಗಿಂತ ಎಣ್ಣೆಯಲ್ಲಿ ಬೆಂದ ಟೊಮೆಟೊದಿಂದ ದೇಹಕ್ಕೆ ಲೈಕೊಪಿನ್ ಹೆಚ್ಚು ದಕ್ಕುತ್ತದೆ.

ಹಾಗೆಂದು ಪ್ರಮಾಣ ಹೆಚ್ಚಿದಷ್ಟೂ ರಕ್ಷಣೆ ಹೆಚ್ಚುವುದಿಲ್ಲ. ಆಮ್ಲಜನಕದ ಒತ್ತಡ ಹೆಚ್ಚಿರುವಲ್ಲಿ ಬೀಟಾ ಕ್ಯಾರೊಟಿನ್ ತಾನೇ ಹೊಸ ಪೆರಾಕ್ಸಿಲ್‌ಗಳಿಗೆ ಎಡೆಮಾಡಿಕೊಡಬಲ್ಲದೆಂದು 1984ರಲ್ಲಿ ಬರ್ಟನ್ ಮತ್ತು ಇಂಗೋಲ್ಡ್ ಎಂಬ ವಿಜ್ಞಾನಿಗಳು ವರದಿ ಮಾಡಿದ್ದರು. 1994ರಲ್ಲಿ ಪ್ರಕಟವಾದ ಫಿನ್ಲೆಂಡಿನ ಅಧ್ಯಯನದಲ್ಲಿ 29,133 ಮಂದಿ ಧೂಮಪಾನಿ ಪುರುಷರಿದ್ದರು. ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚು ಕಂಡುಬಂತು. ಸೊಪ್ಪು, ತರಕಾರಿ, ಹಣ್ಣುಗಳನ್ನು ಹೆಚ್ಚಿನವರು ಧಾರಾಳವಾಗಿ ತಿನ್ನಬಹುದು. ಬೀಟಾ ಕ್ಯಾರೊಟಿನ್ ಮಾತ್ರೆಗಳಿಂದ ಮಾತ್ರ ಧೂಮಪಾನಿಗಳು ದೂರವಿರಬೇಕು.