ಕಡಲ್ಗಳ್ಳರನ್ನು ಹಿಡಿಯಲು ಹಡಗಿತ್ತು, ಶಿಕ್ಷಿಸಲು ಕಾನೂನಿರಲಿಲ್ಲ

ಕುರ್ಲಾದಲ್ಲಿ ಹಾರ್ಬರ್ ಲೈನಿನ ಲೋಕಲ್ ಹತ್ತಿ ದಕ್ಷಿಣಕ್ಕೆ ಹೊರಟರೆ ಶಿವಡಿ, ರೇ ರೋಡ್, ಡಾಕ್‌ಯಾರ್ಡ್ ರೋಡ್ ಉದ್ದಕ್ಕೂ ಎಡಗಡೆ ಮುಂಬಯಿ ಬಂದರಿನ ಸೀಮೆ. ಇಲ್ಲಿನ ಯೆಲ್ಲೋ ಗೇಟ್ ಪೊಲೀಸ್ ಠಾಣೆಯಲ್ಲಿ ದಡದಿಂದ ನೂರಾರು ಮೈಲಿ ಆಚೆ, ನಡುಗಡಲಿನಲ್ಲಿ ನಡೆದ ಅಪರಾಧಗಳೂ ದಾಖಲಾಗಿವೆ. ಅಷ್ಟು ದೂರದ ನೀರಿನ ಮೇಲೆ ಮುಂಬಯಿಯ ನ್ಯಾಯಾಲಯಕ್ಕೆ ಅಧಿಕಾರ ಬಂದ ದಾರಿ ಸಲೀಸಾಗಿರಲಿಲ್ಲ.

1999ರ ಅಕ್ಟೋಬರಿನಲ್ಲಿ ಜಪಾನಿ ಒಡೆತನದ ‘ಅಲೊಂಡ್ರಾ ರೇನ್‌ಬೋ’ ಸುಮಾರು 7,000 ಟನ್ ಅಲ್ಯುಮಿನಿಯಂ ಹೊತ್ತು ಇಂಡೊನೇಷ್ಯಾದಿಂದ ಹೊರಟಿತು. ಕಡಲ್ಗಳ್ಳರು ಅದನ್ನು ಅಪಹರಿಸಿದರು. 17 ಸಿಬ್ಬಂದಿಯನ್ನು ತೆಪ್ಪಕ್ಕೆ ಇಳಿಸಿ ಸಮುದ್ರದಲ್ಲೇ ಬಿಟ್ಟರು, ಹಡಗಿನ ಹೆಸರನ್ನು ‘ಮೆಗಾ ರಾಮ’ ಎಂದು ಬದಲಿಸಿದರು. ನವೆಂಬರಿನಲ್ಲಿ ಅರಬ್ಬೀ ಸಮುದ್ರದಲ್ಲಿ ಕೋಸ್ಟ್ ಗಾರ್ಡಿನ ‘ತಾರಾಬಾಯಿ’ ಅದನ್ನು ಬೆನ್ನಟ್ಟಿತು. ನೌಕಾಪಡೆಯ ‘ಐಎನ್‌ಎಸ್ ಪ್ರಹಾರ್’ ಜೊತೆಗೂಡಿತು. ಕಳ್ಳರು ಹಡಗಿಗೆ ಬೆಂಕಿ ಹಚ್ಚಿ ಮುಳುಗಿಸಲು ನೋಡಿದರೂ ಸೆರೆ ಸಿಕ್ಕು ಮುಂಬಯಿಗೆ ಬಂದರು.

2003ರಲ್ಲಿ ಸೆಷನ್ಸ್ ಕೋರ್ಟ್ ಅವರಿಗೆ ಏಳು ವರ್ಷಗಳ ಕಠಿಣ ಸಜೆ ವಿಧಿಸಿತು. 2005ರಲ್ಲಿ ಬಾಂಬೆ ಹೈಕೋರ್ಟ್ ಎಲ್ಲರನ್ನೂ ಖುಲಾಸೆ ಮಾಡಿತು.

ಕಡಲ್ಗಳ್ಳತನಕ್ಕೆಂದೇ ಬರೆದ ಕಾನೂನು ಆಗ ನಮ್ಮಲ್ಲಿರಲಿಲ್ಲ. ಹಾಗೆಂದು ಕಡಲ ಮೇಲೆ ಭಾರತಕ್ಕೆ ಹಕ್ಕೇ ಇರಲಿಲ್ಲವೆಂದಲ್ಲ. 1956ರಲ್ಲಿ 6 ನಾಟಿಕಲ್ ಮೈಲಿಗೆ, 1967ರಲ್ಲಿ 12ಕ್ಕೆ ನಮ್ಮ ಜಲಗಡಿ ಹಿಗ್ಗಿತು. 1976ರ ಸಾಗರ ವಲಯ ಕಾಯ್ದೆ 24 ಮೈಲಿಯವರೆಗೆ ಸುಂಕ, ವಲಸೆ, ಭದ್ರತೆಯ ವಿಚಾರದಲ್ಲಿ ಕ್ರಮ ಕೈಗೊಳ್ಳುವ ಅಧಿಕಾರ ಕೊಟ್ಟಿತು. ಮೀನು, ತೈಲದಂಥ ಸಂಪತ್ತಿನ ಹಕ್ಕನ್ನು 200 ಮೈಲಿಗೆ ಚಾಚಿತು. ಕಳ್ಳಸಾಗಣೆ ಮಿತಿಮೀರಿದ್ದ ಆ ಕಾಲದಲ್ಲೇ ರುಸ್ತುಂಜಿ ಸಮಿತಿಯ ಶಿಫಾರಸಿನಂತೆ ಕೋಸ್ಟ್ ಗಾರ್ಡ್ ರೂಪುಗೊಂಡಿತು. 1978ರಲ್ಲಿ ಅದಕ್ಕೆ ಪ್ರತ್ಯೇಕ ಕಾಯ್ದೆಯೂ ಆಯಿತು. ಭಾರತ 1995ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಸಮುದ್ರ ಒಪ್ಪಂದ, ಕಡಲ್ಗಳ್ಳರ ಹಡಗನ್ನು ನಡುಗಡಲಿನಲ್ಲಿ ಯಾವ ದೇಶ ಬೇಕಾದರೂ ವಶಪಡಿಸಿಕೊಳ್ಳಬಹುದು, ಶಿಕ್ಷೆಯನ್ನು ಆ ದೇಶದ ನ್ಯಾಯಾಲಯವೇ ತೀರ್ಮಾನಿಸಬಹುದು ಎನ್ನುತ್ತದೆ. ಆದರೆ ಒಪ್ಪಂದವನ್ನು ಒಪ್ಪಿಕೊಂಡ ಮಾತ್ರಕ್ಕೆ ಅಪರಾಧವೊಂದಕ್ಕೆ ಇಂತಿಷ್ಟು ಶಿಕ್ಷೆಯೆಂದು ಆಗುವುದಿಲ್ಲ. ಅದನ್ನು ಸಂಸತ್ತು ಕಾಯ್ದೆಯಲ್ಲೇ ಬರೆಯಬೇಕು. ಬರೆಯದಿದ್ದ ಕಾರಣ ಪೊಲೀಸರು ದರೋಡೆಯಂಥ ಅಪರಾಧಗಳಿಗೆ ಭಾರತೀಯ ದಂಡ ಸಂಹಿತೆಯಲ್ಲಿದ್ದ ಕಲಮುಗಳನ್ನೇ ಹಚ್ಚಬೇಕಿತ್ತು.

ಈ ಕೊರತೆ 2011ರಲ್ಲಿ ಮತ್ತೆ ಕಾಡಿತು. ಸೊಮಾಲಿ ಕಡಲ್ಗಳ್ಳರು ಲಕ್ಷದ್ವೀಪದ ಆಸುಪಾಸಿನವರೆಗೆ ಬಂದಿದ್ದರು. ‘ವೇಗಾ 5’ ಕಾರ್ಯಾಚರಣೆಯೊಂದರಲ್ಲೇ ನೌಕಾಪಡೆ 61 ಮಂದಿಯನ್ನು ಹಿಡಿಯಿತು. ಆ ವರ್ಷ ಮುಂಬಯಿಗೆ ಬಂದ ಬಂದಿಗಳ ಸಂಖ್ಯೆ ನೂರು ದಾಟಿತು. ಅವರಿಗೆ ಏಳು ವರ್ಷಗಳ ಶಿಕ್ಷೆಯ ತೀರ್ಪು ಬಂದದ್ದು 2017ರಲ್ಲಿ.

ಈ ನಡುವೆ ಕಡಲ್ಗಳ್ಳತನದ ವಿರುದ್ಧ 2012ರಲ್ಲಿ ಮಂಡಿಸಿದ್ದ ಮಸೂದೆ ಬಿದ್ದುಹೋಯಿತು. 2019ರಲ್ಲಿ ಹೊಸ ಮಸೂದೆ ಬಂತು, ಸ್ಥಾಯಿ ಸಮಿತಿಯ ಪರಿಶೀಲನೆಗೆ ಹೋಯಿತು. 200 ಮೈಲಿಯಿಂದ ಆಚೆಗಷ್ಟೇ ಅನ್ವಯವೆಂದಿದ್ದ ಅದರ ವ್ಯಾಪ್ತಿಗೆ ಆ ಮೈಲಿಗಳ ಒಳಗಿನ ಆರ್ಥಿಕ ವಲಯವೂ ಸೇರಿತು. ಕೃತ್ಯದಿಂದ ಸಾವು ಸಂಭವಿಸಿದರೆ ಮರಣದಂಡನೆಯೇ ಎಂದಿದ್ದದ್ದು ಮರಣದಂಡನೆ ಅಥವಾ ಜೀವಾವಧಿ ಎಂದಾಯಿತು. 2022ರ ಡಿಸೆಂಬರಿನಲ್ಲಿ ಸಂಸತ್ತಿನ ಒಪ್ಪಿಗೆ ಪಡೆದ ಕಡಲ್ಗಳ್ಳತನ ತಡೆ ಕಾಯ್ದೆ 2023ರ ಫೆಬ್ರವರಿಯಲ್ಲಿ ಜಾರಿಯಾಯಿತು.

ಅದು ಒರೆಗೆ ಬೀಳಲು ಬಹಳ ಕಾಲ ಬೇಕಾಗಲಿಲ್ಲ. 2023ರ ಡಿಸೆಂಬರಿನಲ್ಲಿ ಅಪಹರಣಕ್ಕೊಳಗಾಗಿದ್ದ ‘ಎಂವಿ ರುಯೆನ್’ ಹಡಗನ್ನು 2024ರ ಮಾರ್ಚ್ 16ರಂದು ‘ಐಎನ್‌ಎಸ್ ಕೋಲ್ಕತಾ’ ಮತ್ತು ನೌಕಾಪಡೆಯ ಮಾರ್ಕೋಸ್ ಕಮಾಂಡೊಗಳು ಸುಮಾರು 40 ಗಂಟೆಗಳ ಕಾರ್ಯಾಚರಣೆಯಲ್ಲಿ ಬಿಡಿಸಿದರು. ಭಾರತದ ದಡ ಅಲ್ಲಿಂದ ಸುಮಾರು 2,600 ಕಿಲೋಮೀಟರ್ ದೂರ. 17 ನಾವಿಕರು ಪಾರಾದರು. ಮಾರ್ಚ್ 23ರಂದು 35 ಬಂದಿಗಳು ಮುಂಬಯಿ ಪೊಲೀಸರ ಕೈಸೇರಿದರು. ಈ ಸಲ ಯಾವ ಕಾಯ್ದೆ ಹಚ್ಚುವುದೆಂದು ತಡಕಾಡಬೇಕಾಗಿರಲಿಲ್ಲ.

ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯೊಂದಿಗೆ ಸಮಾಲೋಚಿಸಿ ಇಂಥ ಪ್ರಕರಣಗಳಿಗೆ ಸೆಷನ್ಸ್ ಕೋರ್ಟುಗಳನ್ನು ಗೊತ್ತುಮಾಡಲು ಹೊಸ ಕಾಯ್ದೆಯಲ್ಲಿ ಅವಕಾಶವಿದೆ. ಈ ಏರ್ಪಾಡು ಚುರುಕಾಗಿ ನಡೆಯಲೇಬೇಕು. 2011ರ ಬಂದಿಗಳು ತೀರ್ಪಿಗಾಗಿ ಆರು ವರ್ಷ ಕಾದಿದ್ದರು. ಸಾಕ್ಷಿ ಹೇಳಬೇಕಾದ ನಾವಿಕರು ಅಷ್ಟರಲ್ಲಿ ಹಡಗು ಬದಲಿಸಿ ಬೇರೆ ಬೇರೆ ದೇಶಗಳ ಬಂದರು ಸೇರಿರುತ್ತಾರೆ.