ಹೆಜ್ಜೆಯೊಳಗಿನ ಕಸುವು

ಮೊಹರಂ ತಿಂಗಳ ಚಂದ್ರ ಕಂಡನೆಂದರೆ ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಹಳ್ಳಿಗಳಲ್ಲಿ ಅಲಾಯಿ ಕುಣಿಗೆ ಗುದ್ದಲಿ ಬೀಳುತ್ತದೆ. ಮುಂದಿನ ದಿನಗಳಲ್ಲಿ ಆ ಕುಣಿಯೊಳಗೆ ಬೆಂಕಿ ಹೊತ್ತಿಸಿ, ಅದರ ಸುತ್ತ ಹಲಗಿಯ ಬಡಿತಕ್ಕೆ ಊರ ಗಂಡಸರು ಹೆಜ್ಜೆ ಹಾಕುತ್ತಾರೆ. ಕೊನೆಯ ದಿನದ ಮುನ್ನಾ ರಾತ್ರಿಯಾದ ಖತಲ್ ರಾತ್ರಿಯಂದು ಈ ಕುಣಿತ ಬೆಳತನಕ ನಡೆಯುವುದೂ ಉಂಟು. ಹಿಂದೂ, ಮುಸ್ಲಿಂ ಎಂದು ಬೇರೆ ಬೇರೆ ಸಾಲು ಇಲ್ಲಿರುವುದಿಲ್ಲ. ಈ ಆಚರಣೆಯ ಭಕ್ತಿ, ಹಾಡು, ಸೌಹಾರ್ದದ ಕುರಿತು ಸಾಕಷ್ಟು ಬರೆದಿದ್ದಾರೆ. ಕುಣಿಯುವವನ ಮೈಯೊಳಗೆ ಆ ಹೊತ್ತಿನಲ್ಲಿ ಏನೇನು ನಡೆಯುತ್ತದೆ ಎಂಬುದೂ ಅಷ್ಟೇ ಆಸಕ್ತಿಯ ಸಂಗತಿ.

ದೈಹಿಕ ಕ್ಷಮತೆ ಎಂದರೇನು ಎಂದು ಶಾಲಾ ಮಕ್ಕಳು ಓದುವ ಪಾಠದ ಬೇರು 1985ರಲ್ಲಿದೆ. ಆ ವರ್ಷ ಕಾಸ್ಪರ್ಸನ್, ಪೊವೆಲ್, ಕ್ರಿಸ್ಟೆನ್ಸನ್ ಎಂಬ ಅಮೆರಿಕದ ಮೂವರು ಸಂಶೋಧಕರು ಚಟುವಟಿಕೆ, ವ್ಯಾಯಾಮ, ಕ್ಷಮತೆ ಈ ಮೂರನ್ನೂ ಬೇರ್ಪಡಿಸಿ ಹೇಳಿದರು. ಆರೋಗ್ಯಕ್ಕೆ ನೇರ ಸಂಬಂಧವಿರುವ ಅಂಶಗಳು ಐದು: ಹೃದಯ ಮತ್ತು ಶ್ವಾಸಕೋಶದ ತಾಳಿಕೆ, ಸ್ನಾಯುಬಲ, ಸ್ನಾಯುಗಳ ತಾಳಿಕೆ, ಮೈ ಬಾಗುವ ಗುಣ, ದೇಹದಲ್ಲಿ ಕೊಬ್ಬಿನ ಪಾಲು. ಕೌಶಲಕ್ಕೆ ಸಂಬಂಧಿಸಿದವು ಆರು: ಚುರುಕುತನ, ಸಮತೋಲ, ಅಂಗಾಂಗಗಳ ಹೊಂದಾಣಿಕೆ, ವೇಗ, ಸ್ಫೋಟಕ ಶಕ್ತಿ, ಪ್ರತಿಕ್ರಿಯೆಗೆ ಹಿಡಿಯುವ ಸಮಯ. ಖೇಲೊ ಇಂಡಿಯಾ ಯೋಜನೆಯಡಿ ಶಾಲೆಗಳಲ್ಲಿ ನಡೆಯುವ ಪರೀಕ್ಷೆಗಳೂ ಇದೇ ಜಾಡಿನವು. ತಾಳಿಕೆಗೆ 600 ಮೀಟರ್ ಓಟ, ವೇಗಕ್ಕೆ 50 ಮೀಟರ್, ಬಾಗುವ ಗುಣಕ್ಕೆ ಕಾಲು ಚಾಚಿ ಕುಳಿತು ಮುಂದೆ ಬಾಗುವುದು, ಪುಟ್ಟ ಮಕ್ಕಳ ಸಮತೋಲಕ್ಕೆ ಒಂಟಿಕಾಲಿನ ಮೇಲೆ ನಿಲ್ಲುವುದು. ಅಳೆಯುವಾಗ ಹೀಗೆ ಬಿಡಿಬಿಡಿಯಾಗಿ ಅಳೆಯಲೇಬೇಕು. ಆದರೆ ದೇಹ ಬಿಡಿಬಿಡಿಯಾಗಿ ಕೆಲಸ ಮಾಡುವುದಿಲ್ಲ, ಕುಣಿತದಲ್ಲಂತೂ ಇಲ್ಲವೇ ಇಲ್ಲ.

ಅಲಾಯಿ ಹೆಜ್ಜೆಯನ್ನೇ ತೆಗೆದುಕೊಳ್ಳಿ. ಊರಿಂದ ಊರಿಗೆ ವರಸೆ ಬದಲಾದರೂ ಮುಂದೆ ಹೋಗಿ ಹಿಂದೆ ಸರಿದು, ಮತ್ತೆ ಮುಂದೆ ಹೋಗುವ ಚಾಲು ಬಹುಕಡೆ ಕಾಣುತ್ತದೆ. ಮುಂದೆ ಹೋಗುವ ಮೈಯನ್ನು ತಡೆದು ಹಿಂದಕ್ಕೆ ತಿರುಗಿಸಬೇಕಾದರೆ ತೊಡೆಯ ಮುಂಭಾಗದ ಸ್ನಾಯುಗಳು ಬಿಗಿಯಾಗುತ್ತಲೇ ಉದ್ದವಾಗಬೇಕು. ಇಳಿಜಾರಿನಲ್ಲಿ ಇಳಿಯುವಾಗ ಆಗುವುದೂ ಇದೇ. ರೂಢಿಯಿಲ್ಲದವರಿಗೆ ಮರುದಿನ ತೊಡೆ ನೋಯುವುದು ಹೆಚ್ಚಾಗಿ ಈ ಕೆಲಸದಿಂದ. ಇನ್ನು ದುಂಡಗೆ ಸುತ್ತುವಾಗ ಹೊರಗಿನ ಕಾಲು ಒಳಗಿನದಕ್ಕಿಂತ ಹೆಚ್ಚು ದೂರ ಹೋಗಬೇಕು, ಮೈ ಒಳಮುಖವಾಗಿ ಕೊಂಚ ವಾಲಬೇಕು. ಹರಡಿನ ಸಂದಿನಲ್ಲಿ, ಸ್ನಾಯು ಮತ್ತು ಕಂಡರಗಳಲ್ಲಿ ಇರುವ ಸೂಕ್ಷ್ಮ ಸಂವೇದಕಗಳು ಈ ವಾಲಿಕೆಯ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತವೆ. ಒಳಕಿವಿಯ ಅರೆವೃತ್ತ ನಾಳಗಳು ತಿರುಗುವಿಕೆಯನ್ನು ಗುರುತಿಸುತ್ತವೆ. ಉಪಮಿದುಳು ಇವೆರಡನ್ನೂ ಕಣ್ಣು ಕಂಡದ್ದರೊಂದಿಗೆ ತಾಳೆ ಹಾಕಿ ಮುಂದಿನ ಹೆಜ್ಜೆಯನ್ನು ತಿದ್ದುತ್ತದೆ. ರಾತ್ರಿಯ ಕತ್ತಲು, ಕಣ್ಣು ಕುಕ್ಕುವ ಬೆಂಕಿ, ಹೊಗೆ ಇವುಗಳ ನಡುವೆ ಕಣ್ಣಿನ ನೆರವು ಕಡಿಮೆಯಾದಷ್ಟೂ ಕಾಲು ಮತ್ತು ಕಿವಿಯ ಮೇಲಿನ ಭಾರ ಹೆಚ್ಚು.

ಹಲಗಿ ಏರಿದಂತೆ ಹೃದಯವೂ ಏರುತ್ತದೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ನೂಕುವ ಹೃದಯ, ಮೈಮುರಿದು ಕುಣಿಯುವಾಗ 15ರಿಂದ 20 ಲೀಟರಿನಷ್ಟು ನೂಕಬಲ್ಲದು. ಬಡಿತದ ಗರಿಷ್ಠ ಮಿತಿಗೆ 220ರಿಂದ ವಯಸ್ಸನ್ನು ಕಳೆಯುವ ಅಂದಾಜು ಲೆಕ್ಕವಿದೆ. ಇಪ್ಪತ್ತರ ಹುಡುಗನಿಗೆ ಅದು 200. ಹಲಗಿಯವರು ಒಂದೇ ಗತಿಯಲ್ಲಿ ಬಾರಿಸುವುದಿಲ್ಲ. ನಿಧಾನವಾಗಿ ಹಿಡಿದು, ಏರಿಸಿ, ಉತ್ತುಂಗಕ್ಕೆ ಒಯ್ದು ಇಳಿಸುತ್ತಾರೆ. ಆ ಇಳಿತದಲ್ಲಿ ಕುಣಿಯುವವರು ಉಸಿರು ತಿರುಗಿಸಿಕೊಳ್ಳುತ್ತಾರೆ, ಪದ ಹಾಡುತ್ತಾರೆ. ತೀವ್ರ ಶ್ರಮ, ಅಲ್ಪ ವಿರಾಮ, ಮತ್ತೆ ತೀವ್ರ ಶ್ರಮ: ಇಂದಿನ ಕ್ರೀಡಾ ತರಬೇತುದಾರರು ಗಡಿಯಾರ ಹಿಡಿದು ಮಾಡಿಸುವುದನ್ನು ಇಲ್ಲಿ ಹಲಗಿಯೇ ಮಾಡಿಸುತ್ತದೆ.

ಇಷ್ಟು ದುಡಿದರೂ ಇಡೀ ರಾತ್ರಿ ಕುಣಿಯಲು ಹೇಗೆ ಸಾಧ್ಯ? ಒಂದು ಸುಳಿವು ಆಕ್ಸ್‌ಫರ್ಡ್‌ನ ಸಂಶೋಧಕರಿಂದ ಸಿಕ್ಕಿದೆ. ಒಟ್ಟಿಗೆ, ಒಂದೇ ಲಯದಲ್ಲಿ ಕುಣಿದವರ ನೋವು ತಾಳುವ ಮಿತಿ ಏರುವುದನ್ನು ಅವರು 2015ರಲ್ಲಿ ಪ್ರಕಟಿಸಿದರು. ಮಿದುಳಿನಲ್ಲಿ ಬಿಡುಗಡೆಯಾಗುವ ಎಂಡಾರ್ಫಿನ್ ಇದಕ್ಕೆ ಕಾರಣವಿರಬಹುದು ಎಂಬುದು ಅವರ ಅಭಿಪ್ರಾಯ. ಒಬ್ಬನೇ ಟ್ರೆಡ್‌ಮಿಲ್ ಮೇಲೆ ಓಡುವವನಿಗೆ ಇಲ್ಲದ ಅನುಕೂಲ ಇದು.

ಮೊಹರಂ ಚಾಂದ್ರ ಪಂಚಾಂಗದ್ದಾದ್ದರಿಂದ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ. ಹಾಗಾಗಿ ಕೆಲವು ವರ್ಷ ಚಳಿಗಾಲದಲ್ಲಿ, ಕೆಲವು ವರ್ಷ ಈ ಸೀಮೆಯ ಕೆಂಡದಂಥ ಬ್ಯಾಸಗಿಯಲ್ಲಿ ಬರುತ್ತದೆ. ಒಂದು ಲೀಟರ್ ಬೆವರು ಆರುವಾಗ ದೇಹದಿಂದ ಸುಮಾರು 580 ಕಿಲೊಕ್ಯಾಲರಿ ಶಾಖ ಹೊರಹೋಗುತ್ತದೆ. ಆದರೆ ಬೆವರು ಹರಿದು ನೆಲಕ್ಕೆ ಬಿದ್ದರೆ ಮೈ ತಣಿಯದು, ಚರ್ಮದ ಮೇಲೆಯೇ ಆರಬೇಕು. ಬೆಂಕಿಯ ಬಳಿ ಬಿಗಿಯಾದ ನೈಲಾನ್ ಅಂಗಿ ತೊಟ್ಟು ಕುಣಿಯುವ ಹುಡುಗರಿಗೆ ಇದನ್ನು ಹೇಳಲೇಬೇಕು: ತೆಳು ಹತ್ತಿಬಟ್ಟೆ ತೊಡಿ, ನಡುನಡುವೆ ನೀರು ಕುಡಿಯಿರಿ.

ಅಲಾಯಿ ಕುಣಿತದಲ್ಲಿ ಕಾಲಿಗೆ ಸಿಕ್ಕಷ್ಟು ಕೆಲಸ ರಟ್ಟೆಗೆ ಸಿಗುವುದಿಲ್ಲ. ಆ ಕೊರತೆ ಡೊಳ್ಳಿನಲ್ಲಿ ತುಂಬುತ್ತದೆ. ಬೀರಪ್ಪನ ಒಕ್ಕಲಾದ ಹಾಲುಮತದವರ ಈ ಕುಣಿತದಲ್ಲಿ ಭಾರದ ಡೊಳ್ಳು ಹೊಟ್ಟೆಯ ಮುಂದೆ ತೂಗುತ್ತಿರುತ್ತದೆ. ಅದು ಮೈಯನ್ನು ಮುಂದಕ್ಕೆ ಎಳೆಯುತ್ತದೆ. ಬೆನ್ನು ಮತ್ತು ಸೊಂಟದ ಸ್ನಾಯುಗಳು ಉದ್ದಕ್ಕೂ ಎದುರೆಳೆತ ಕೊಡುತ್ತಲೇ ಇರಬೇಕು. ಮೇಲಾಗಿ ಜಿಗಿತ ಬೇರೆ. ನೆಲ ಮುಟ್ಟುವಾಗ ಹಿಮ್ಮಡಿಯ ಮೇಲಿನ ಕಂಡರ ರಬ್ಬರಿನಂತೆ ಹಿಗ್ಗಿ ಶಕ್ತಿ ಹಿಡಿದಿಟ್ಟುಕೊಂಡು, ಮರುಜಿಗಿತಕ್ಕೆ ಅದರಲ್ಲಿ ಬಹುಪಾಲನ್ನು ಹಿಂದಿರುಗಿಸುತ್ತದೆ. ಮಂಡಿ ಕೊಂಚ ಬಾಗಿಸಿ, ಮುಂಗಾಲಿನ ಮೇಲೆ ಇಳಿಯಲು ಗುರುಗಳು ಕಲಿಸುವುದರಲ್ಲಿ ಅರ್ಥವಿದೆ. ಹಿಮ್ಮಡಿ ಕುಟ್ಟಿ ಇಳಿದರೆ ಆ ಪೆಟ್ಟು ಮಂಡಿಗೂ ಬೆನ್ನಿಗೂ ಏರುತ್ತದೆ. ಇದೇ ಡೊಳ್ಳನ್ನು ಕಾಂಕ್ರೀಟ್ ವೇದಿಕೆಯ ಮೇಲೆ ಕುಣಿಸುವವರು ಒಮ್ಮೆ ಮಣ್ಣಿನ ನೆಲದ ಮೇಲೆ ಕುಣಿಸಿ ನೋಡಲಿ.

ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳ ಕುಣಿತದ್ದು ಇನ್ನೊಂದು ಬಗೆ. ದುಂಡಗೆ ನಿಂತು, ಸೊಂಟದಿಂದ ಬಾಗಿ ಚಪ್ಪಾಳೆ ತಟ್ಟಿ, ಎದ್ದು ತಿರುಗುತ್ತಾರೆ. ಕನ್ನಡಿ, ಕವಡೆ, ನಾಣ್ಯ ಹೊಲಿದ ಫೇಟಿಯಾ ಲಂಗ, ತೋಳು ತುಂಬ ಬಳೆಗಳ ತೂಕ ಹೊತ್ತೇ ಇದೆಲ್ಲ ನಡೆಯಬೇಕು. ಶಾಲೆಯ ಪರೀಕ್ಷೆ ತೊಡೆಯ ಹಿಂಭಾಗದ ಸ್ನಾಯು ಎಷ್ಟು ಹಿಗ್ಗುತ್ತದೆಂದು ಒಮ್ಮೆ ಅಳೆದು ಸುಮ್ಮನಾಗುತ್ತದೆ. ಈ ಕುಣಿತದಲ್ಲಿ ಅದೇ ಸ್ನಾಯು ಪದ ಮುಗಿಯುವವರೆಗೂ ಹಿಗ್ಗಿ ಕುಗ್ಗುತ್ತಿರುತ್ತದೆ.

ದೇಹದ ತೂಕ ಮತ್ತು ಬಲದ ಅನುಪಾತ ನೋಡಬೇಕಾದರೆ ಸುರಪುರಕ್ಕೆ ಹೋಗಬೇಕು. ಅಲ್ಲಿನ ವೇಣುಗೋಪಾಲಸ್ವಾಮಿ ಜಾತ್ರೆಯಲ್ಲಿ ಜಾರುವ ಎತ್ತರದ ಕಂಬಗಳನ್ನು ಯುವಕರು ಏರುತ್ತಾರೆ. ಏರುವವನು ತನ್ನ ಇಡೀ ಮೈಭಾರವನ್ನು ತೊಡೆ ಮತ್ತು ತೋಳಿನ ಒತ್ತಡದಿಂದಲೇ ಹಿಡಿದುಕೊಳ್ಳಬೇಕು. ಕಂಬ ಜಾರುವಷ್ಟೂ ಘರ್ಷಣೆ ಕಡಿಮೆ, ಅಷ್ಟೇ ಜಾಸ್ತಿ ಒತ್ತಬೇಕು. ಇಲ್ಲಿ ದಪ್ಪ ತೋಳಿನವನಿಗಿಂತ ಹಗುರ ಮೈಯ, ಗಟ್ಟಿ ಹಿಡಿತದವನಿಗೆ ಅನುಕೂಲ.

ಹೊಲದಲ್ಲಿ ದುಡಿಯುವವರಿಗೆ ಬೇರೆ ವ್ಯಾಯಾಮ ಯಾಕೆ ಬೇಕು ಎಂದು ನಮ್ಮ ಕಡೆ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನಾರಾಯಣಪುರದ ಕಾಲುವೆ ನೀರಿನ ಗದ್ದೆಯಲ್ಲಿ ದಿನವಿಡೀ ಬಾಗಿ ನಾಟಿ ಮಾಡುವವಳ ಬೆನ್ನು ಒಂದೇ ಭಂಗಿಯಲ್ಲಿ ಸೋಲುತ್ತದೆ, ಆದರೆ ಹೃದಯಕ್ಕೆ ಏರಿ ಇಳಿಯುವ ತರಬೇತಿ ಸಿಗುವುದಿಲ್ಲ, ವಿಶ್ರಾಂತಿಯೂ ಇಲ್ಲ. ದುಡಿಮೆಯ ಶ್ರಮ ಬಿಡುವಿನ ವೇಳೆಯ ವ್ಯಾಯಾಮದಷ್ಟು ಆರೋಗ್ಯ ಕೊಡದಿರಬಹುದೆಂದು ಡೆನ್ಮಾರ್ಕಿನ ಸಂಶೋಧಕರು ಹಲವು ವರ್ಷಗಳಿಂದ ಹೇಳುತ್ತಿದ್ದಾರೆ. ಅದರೊಂದಿಗೆ ರಕ್ತಹೀನತೆಯೂ ಸೇರಿಕೊಳ್ಳುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಹಿಮೊಗ್ಲೋಬಿನ್ ಕಡಿಮೆಯಿದ್ದರೆ ಅಷ್ಟೇ ಆಮ್ಲಜನಕ ಮುಟ್ಟಿಸಲು ಹೃದಯ ಹೆಚ್ಚು ಸಲ ಬಡಿಯಬೇಕು. ಕೋಲಾಟದ ಎರಡನೇ ಸುತ್ತಿಗೇ ಏದುಸಿರು ಬಿಡುವ ಹುಡುಗಿಯನ್ನು ಸೋಮಾರಿ ಎಂದು ಬೈಯುವ ಮೊದಲು ಅವಳ ರಕ್ತ ಪರೀಕ್ಷೆ ಮಾಡಿಸಬೇಕು.

ಇನ್ನೊಂದು ಸತ್ಯವನ್ನೂ ಒಪ್ಪಬೇಕು. ವರ್ಷಕ್ಕೆ ಹತ್ತು ರಾತ್ರಿ ಕುಣಿದು ಉಳಿದ ದಿನ ಸುಮ್ಮನಿದ್ದರೆ ಕ್ಷಮತೆ ಉಳಿಯದು. ಗಳಿಸಿದ ತಾಳಿಕೆ ಕೆಲವೇ ವಾರಗಳಲ್ಲಿ ಇಳಿಯತೊಡಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ, ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ. ಕುಣಿತದಿಂದ ಇದನ್ನು ತುಂಬಿಸುವುದು ಕಷ್ಟವೇನಲ್ಲ, ಮೇಳದ ತಾಲೀಮು ವರ್ಷವಿಡೀ ನಡೆದರೆ. ಜರ್ಮನಿಯ ಮ್ಯಾಗ್ಡೆಬರ್ಗ್‌ನಲ್ಲಿ ವೃದ್ಧರ ಒಂದು ಗುಂಪಿಗೆ 18 ತಿಂಗಳು ನೃತ್ಯ, ಇನ್ನೊಂದಕ್ಕೆ ಮಾಮೂಲಿ ವ್ಯಾಯಾಮ ಮಾಡಿಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ನೆನಪಿಗೆ ಸಂಬಂಧಿಸಿದ ಮಿದುಳಿನ ಭಾಗ ಎರಡೂ ಗುಂಪಿನಲ್ಲಿ ಬೆಳೆದಿತ್ತು, ಆದರೆ ಸಮತೋಲ ಸುಧಾರಿಸಿದ್ದು ಕುಣಿದವರದು ಮಾತ್ರ. ಅವರಿಗೆ ಹೊಸ ಹೊಸ ಹೆಜ್ಜೆಗಳನ್ನು ಕಲಿಸುತ್ತಲೇ ಇದ್ದರು.

ಈ ಕುಣಿತಗಳನ್ನು ಮಕ್ಕಳಿಗೆ ಕಲಿಸುವ ಶಿಕ್ಷಕರು ಮೊದಲ ವಾರ ಬರೀ ತಾಳಕ್ಕೆ ಚಪ್ಪಾಳೆ ಮತ್ತು ನಡಿಗೆ ಇಟ್ಟುಕೊಳ್ಳಲಿ. ಆಮೇಲೆ ನಿಂತಲ್ಲೇ ಹೆಜ್ಜೆ, ಆಮೇಲೆ ಸಾಲು, ಕೊನೆಗೆ ದುಂಡು ಮತ್ತು ಕೈ ಹಿಡಿತ. ಒಂದು ದಿನ ಬಲಸುತ್ತು ಕುಣಿದರೆ ಮರುದಿನ ಎಡಸುತ್ತು, ಎರಡೂ ಕಾಲಿಗೆ ಕೆಲಸ ಸಿಗಲಿ. ಶ್ರಮ ಎಷ್ಟಿರಬೇಕು ಎಂಬುದಕ್ಕೆ ಯಂತ್ರ ಬೇಡ. ಕುಣಿಯುತ್ತಾ ಮಾತಾಡಲು ಬಂದು, ಹಾಡಲು ಬಾರದಿದ್ದರೆ ಸಾಧಾರಣ ಶ್ರಮ. ನಾಲ್ಕು ಮಾತಿಗೇ ಉಸಿರು ಕಟ್ಟಿದರೆ ತೀವ್ರ ಶ್ರಮ. ಹಾಡುತ್ತಲೇ ಕುಣಿಯುವ ಮೇಳದವರು ಹಲಗಿ ಏರಿದಾಗ ಪದ ನಿಲ್ಲಿಸಿ, ಇಳಿದಾಗ ಎತ್ತಿಕೊಳ್ಳುವುದೂ ಇದೇ ಕಾರಣಕ್ಕೆ.